ಬ್ಯಾಪ್ಟಿಸ್ಟ್ ಹೇಳಿದ ಸಿನಿಮಾ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಕಾಪು ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಹೊಲಿಯಲು ಕೊಟ್ಟವರು ದಿನಕ್ಕೆರಡು ಸಲ ಬಂದು ಆಯಿತಾ ಎಂದು ಕೇಳಿದರೆ ಬಟ್ಟೆಯನ್ನು ಹಾಗೆಯೇ ಮಡಚಿ ಅವರ ಕೈಗಿತ್ತು ಕಳಿಸಿದ್ದುಂಟು. ಆದರೆ ಈಗ ಹೇಳಹೊರಟಿರುವ ಸಿಟ್ಟು ಆ ಜಾತಿಯದ್ದಲ್ಲ. ಇದು ಹತ್ತು ವರ್ಷ ತಡವಾಗಿ ಬಂತು. ಬರಬೇಕಾದಾಗ ಬಂದಿದ್ದರೆ ನಾನು ಇವತ್ತು ಒಬ್ಬನೇ ಅನ್ನ ಬೇಯಿಸಿಕೊಂಡು ಕೂತಿರುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಕಾಪುವಿನಲ್ಲಿ ನಮಗೆ ಟಾಕೀಸು ಇರಲಿಲ್ಲ. ಉಡುಪಿಗೆ ಹೋದರೆ ದೇವರ ಪಿಕ್ಚರು, ಕತ್ತಿವರಸೆಯ ಪಿಕ್ಚರು ಸಿಗುತ್ತಿತ್ತು. ಬೊಂಬಾಯಿಯ ದೊಡ್ಡ ಹಿಂದಿ ಚಿತ್ರಗಳು ಮಾತ್ರ ನಮಗೆ ಬಾಯಿಯ ಮೂಲಕವೇ ಬರಬೇಕಾಗಿತ್ತು. ಬೊಂಬಾಯಿಯಿಂದ ಊರಿಗೆ ಬಂದವರು ಸಂಜೆ ಯಾರದಾದರೂ ಅಂಗಡಿಯಲ್ಲಿ ಕುಳಿತು ಸಿನಿಮಾ ಹೇಳುತ್ತಿದ್ದರು. ಹೇಳುವುದೆಂದರೆ ನಾಲ್ಕು ಮಾತಿನಲ್ಲಿ ಕಥೆ ಮುಗಿಸುವುದಲ್ಲ. ಯಾರು ಎಲ್ಲಿ ನಿಂತರು, ಯಾವ ಬಣ್ಣದ ಸೆರಗು ಇರಬಹುದು, ಎಲ್ಲಿ ಪಿಟೀಲು ಬಂತು, ಎಲ್ಲಿ ಇಂಟರ್ವಲ್ ಆಯಿತು, ಎಲ್ಲವೂ ಬರಬೇಕು. ಒಳ್ಳೆಯ ಹೇಳುಗ ಒಂದು ಪಿಕ್ಚರನ್ನು ಎರಡು ಮೂರು ಶನಿವಾರ ಎಳೆಯುತ್ತಿದ್ದ.

ಬ್ಯಾಪ್ಟಿಸ್ಟ್ ಅಂಥವರಲ್ಲೆಲ್ಲ ಮೇಲು. ಬೊಂಬಾಯಿಯ ಹಡಗಿನ ಆಫೀಸೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದು, ಹವೆ ಹಿಡಿಸದೆ ಊರಿಗೆ ಮರಳಿ, ನನ್ನ ದರ್ಜಿ ಅಂಗಡಿಯ ಎದುರಿಗೇ ಸೈಕಲ್ ಅಂಗಡಿ ಹಾಕಿದ್ದ. ನಾವಿಬ್ಬರೂ ಒಂದೇ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುತ್ತಾ ಒಟ್ಟಿಗೆ ಬೆಳೆದವರು. ಅವನ ಹತ್ತಿರ ಸಿನಿಮಾ ಹಾಡಿನ ಪುಸ್ತಕಗಳ ಒಂದು ಕಟ್ಟಿತ್ತು. ನೋಡಿದವರಿಗೆ ಗೊತ್ತಿರುತ್ತದೆ: ಮುಂದಿನ ಪುಟಗಳಲ್ಲಿ ಅರ್ಧ ಕಥೆ ಅಚ್ಚು ಮಾಡಿ, ಕುತೂಹಲ ಹೆಚ್ಚಿದಾಗ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಬರೆದಿರುತ್ತಾರೆ. ಬ್ಯಾಪ್ಟಿಸ್ಟ್ ಆ ಪುಸ್ತಕವನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಹೇಳುತ್ತಿದ್ದ. ನನ್ನ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಪೋಸ್ಟಾಫೀಸಿನ ವಿಠಲ ಸೀಲು ಹೊಡೆಯುವ ಕೆಲಸ ಮುಗಿಸಿ ಬಂದು ಬಾಗಿಲ ಹಲಗೆಯ ಮೇಲೆ ಕೂರುತ್ತಿದ್ದ. ಅವನ ಮನೆಯವರು ಕಡಲಿಗೆ ಹೋಗುವವರು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದವನು ಅವನೊಬ್ಬನೇ, ಅದಕ್ಕೇ ಏನೋ ಯಾವುದನ್ನೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ.

ಆ ವರ್ಷ ನನ್ನ ಮನಸ್ಸಿನಲ್ಲಿ ಒಂದು ಗುಟ್ಟಿತ್ತು. ಪಾಂಗಾಳದ ಸೋಫಿಯಾ ಇಗರ್ಜಿಯಲ್ಲಿ ಹಾಡುವವಳು. ರವಿಕೆ ಹೊಲಿಯಲು ಕೊಡಲು ಅವ್ವನ ಜೊತೆ ಅಂಗಡಿಗೆ ಬರುತ್ತಿದ್ದಳು. ಅವಳು ಬಂದರೆ ನನಗೆ ಅಳತೆಯ ಪಟ್ಟಿ ಎಲ್ಲಿಟ್ಟೆನೆಂಬುದೇ ಮರೆತುಹೋಗುತ್ತಿತ್ತು. ಒಂದು ದಿನ ಅವಳೇ ಕೇಳಿದ್ದಳು: "ಹೊಲಿಗೆ ಎಲ್ಲ ಚಂದ ಉಂಟು. ದರ್ಜಿಯವರಿಗೆ ಮಾತೇ ಇಲ್ಲ ಅಲ್ವಾ?" ಅವ್ವ ಗದರಿದರು. ನಾನು ಆ ರಾತ್ರಿ ಊಟ ಮಾಡಲಿಲ್ಲ, ಅಷ್ಟು ಸಂತೋಷ.

ಮೊಂತಿ ಹಬ್ಬ, ಅಂದರೆ ನಮ್ಮ ತೆನೆಹಬ್ಬ, ಮುಗಿದ ಮೇಲೆ ರೈಬಾರಿಯನ್ನು ಕಳಿಸುವುದೆಂದು ನಿಶ್ಚಯಿಸಿದೆ. ನಮ್ಮಲ್ಲಿ ಗಂಡಿನವರ ಮಾತನ್ನು ಹೆಣ್ಣಿನ ಮನೆಗೆ ಒಯ್ಯುವವನು ರೈಬಾರಿ. ಇಮ್ಯಾನುಯೆಲ್ ಎಂಬ ಮುದುಕ ಇಡೀ ಕಾಪುವಿಗೆ ರೈಬಾರಿಯಾಗಿದ್ದ. ಈ ವಿಚಾರವನ್ನು ನಾನು ಹೇಳಿದ್ದು ಒಬ್ಬನ ಹತ್ತಿರ, ಬ್ಯಾಪ್ಟಿಸ್ಟನ ಹತ್ತಿರ. ಅವನು ನನ್ನ ಬೆನ್ನು ತಟ್ಟಿದ. "ಒಳ್ಳೆಯದಾಗಲಿ ಸ್ತಾನಿ," ಎಂದ. ಮುಂದಿನ ಶನಿವಾರದಿಂದ ಹೊಸ ಸಿನಿಮಾ ಹೇಳಲು ಶುರುಮಾಡಿದ.

ಅದರ ಹೆಸರು 'ದೂಸ್ರಾ ಘಾಟ್', ಅಂದರೆ ಆಚೆಯ ದಡ. ಹೊರದೇಶದ ಯಾವುದೋ ಊರಿನಲ್ಲಿ ಬಹುಮಾನ ಬಂದದ್ದಂತೆ. ನದಿಯಲ್ಲಿ ದೋಣಿ ಸಾಗಿಸುವ ಅಣ್ಣ ತಮ್ಮ. ಆಚೆ ದಡದಲ್ಲಿ ಕುಂಬಾರನ ಮಗಳು. ಅಣ್ಣನಿಗೆ ಅವಳೆಂದರೆ ಜೀವ, ಆದರೆ ಹೇಳಿಲ್ಲ. ತಮ್ಮನಿಗೂ ಅವಳೇ ಬೇಕೆಂದು ಒಂದು ದಿನ ಅಣ್ಣನಿಗೆ ತಿಳಿಯುತ್ತದೆ. ಬ್ಯಾಪ್ಟಿಸ್ಟ್ ಈ ಪಿಕ್ಚರನ್ನು ಎರಡಲ್ಲ, ಐದು ಶನಿವಾರ ಹೇಳಿದ. ಐದನೆಯ ಶನಿವಾರ ಕೊನೆಯ ದೃಶ್ಯ ಬಂತು. ಅಣ್ಣ ಯಾರಿಗೂ ಒಂದು ಮಾತು ಹೇಳದೆ ತಮ್ಮನನ್ನೂ ಮದುಮಗಳನ್ನೂ ತನ್ನ ದೋಣಿಯಲ್ಲೇ ಕೂರಿಸಿಕೊಂಡು ದಾಟಿಸುತ್ತಾನೆ. ಅವರು ಇಳಿದು ಹೋಗುತ್ತಾರೆ. ಅವನು ಹುಟ್ಟನ್ನು ನೀರಿಗೆ ಬಿಟ್ಟು, ನದಿ ಒಯ್ದ ಕಡೆಗೆ ಹೋಗುತ್ತಾನೆ. ಅಷ್ಟೇ. ಬ್ಯಾಪ್ಟಿಸ್ಟ್ ಅದನ್ನು ಪಿಸುದನಿಯಲ್ಲಿ ಹೇಳಿದ. ನಾನು ನಾಚಿಕೆ ಬಿಟ್ಟು ಅತ್ತೆ.

ವಿಠಲ ಮಾತ್ರ ಮೂಗು ಮುರಿದ. "ಹುಟ್ಟು ಬಿಡುವವನು ಎಂಥ ದೋಣಿಯವ ಮಾರಾಯ? ನಮ್ಮ ಮಾವಂದಿರು ಕೇಳಿದರೆ ನಗಾಡ್ತಾರೆ. ಮತ್ತೆ ಆ ಹುಡುಗಿಯನ್ನು ಒಂದು ಮಾತು ಕೇಳಲಿಕ್ಕೆ ಅವನಿಗೆ ಎಂತ ಆಗಿತ್ತು? ನಾಲಗೆ ಇರಲಿಲ್ವಾ?"

"ನಿನಗೆ ಅರ್ಥ ಆಗುವುದಿಲ್ಲ," ಎಂದೆ ನಾನು. "ಕೇಳದೆ ಇದ್ದದ್ದೇ ಅದರ ದೊಡ್ಡತನ."

ವಿಠಲ ಎದ್ದು ಹೋದ ಮೇಲೆ ಬ್ಯಾಪ್ಟಿಸ್ಟ್ ಹಾಡಿನ ಪುಸ್ತಕವನ್ನು ಬಿಚ್ಚುತ್ತಾ ಸುತ್ತುತ್ತಾ ಕೂತಿದ್ದ. ಎಂತ ಆಯಿತು ಎಂದು ಕೇಳಿದೆ. ಹೇಳುವ ಹಾಗಿಲ್ಲ ಎಂದ. ಒತ್ತಾಯ ಮಾಡಿದೆ. ತಲೆ ತಗ್ಗಿಸಿ ಸೋಫಿಯಾಳ ಹೆಸರು ಹೇಳಿದ. ಬೊಂಬಾಯಿಗೆ ಹೋಗುವ ಮೊದಲಿನಿಂದಲೂ ಮನಸ್ಸಿನಲ್ಲಿತ್ತಂತೆ. "ನೀನು ಮೊದಲು ಹೇಳಿದೆ. ನಿನ್ನದೇ ಆಗಲಿ. ನಾನು ಪುನಃ ಬೊಂಬಾಯಿಗೆ ಹೋಗ್ತೇನೆ," ಎಂದ.

ನನ್ನ ತಲೆಯಲ್ಲಿ ಇನ್ನೂ ಆ ನದಿ ಹರಿಯುತ್ತಿತ್ತು. ನಾನು ಎದ್ದು ನಿಂತೆ. ನನ್ನಷ್ಟು ದೊಡ್ಡ ಮನುಷ್ಯ ಈ ಲೋಕದಲ್ಲಿಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. "ನೀನು ಎಲ್ಲಿಗೂ ಹೋಗಬೇಡ," ಎಂದೆ. ಮರುದಿನ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಕೂಡಲೇ ನಾನೇ ಇಮ್ಯಾನುಯೆಲನನ್ನು ಹಿಡಿದು, ಬ್ಯಾಪ್ಟಿಸ್ಟನಿಗಾಗಿ ಪಾಂಗಾಳಕ್ಕೆ ಕಳಿಸಿದೆ. ಒಪ್ಪಿಗೆ ಬಂತು. ಮದುಮಗನ ಕೋಟನ್ನೂ ನಾನೇ ಹೊಲಿದೆ. ಒಂದೂ ಸುಕ್ಕಿಲ್ಲದ ಕೋಟು ಎಂದು ಊರವರೆಲ್ಲ ಹೊಗಳಿದರು.

ಆಮೇಲೆ ನನಗೂ ಬೇರೆ ಹೆಣ್ಣುಗಳು ಬಂದವು. ಒಪ್ಪಲಿಲ್ಲ. ಒಪ್ಪಬಾರದೆಂದು ಹಟವೇನೂ ಇರಲಿಲ್ಲ, ಮನಸ್ಸು ಏಳಲಿಲ್ಲ. ಆದರೆ ನನಗೆ ಒಂದು ಆಸರೆಯಿತ್ತು. ನಾನು ಮಾಡಿದ ಕೆಲಸವನ್ನೇ ಒಂದು ದೊಡ್ಡ ಚಿತ್ರದ ನಾಯಕನೂ ಮಾಡಿದ್ದಾನೆ, ಲೋಕ ಅದನ್ನು ಮೆಚ್ಚಿದೆ. ಪೇಪರಿನಲ್ಲಿ ಒಮ್ಮೆ ಭಾರತದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಬಂತು. 'ದೂಸ್ರಾ ಘಾಟ್' ಅದರಲ್ಲಿ ನಾಲ್ಕನೆಯದು. ಆ ತುಂಡನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದೆ.

ಅಲ್ಲಿಂದ ಮುಂದೆ ವರ್ಷಗಟ್ಟಲೆ ಆ ಪಟ್ಟಿಯ ಕೆಳಗೆ ನಮ್ಮ ಜಗಳ ನಡೆಯಿತು. ವಿಠಲನ ವಾದ ಒಂದೇ: ಪ್ರಶಸ್ತಿ ಬಂದ ಕೂಡಲೇ ಪಿಕ್ಚರು ದೊಡ್ಡದಾಗುವುದಿಲ್ಲ, ಕೊಟ್ಟವರಿಗೆ ಹಿಂದಿಯೇ ಬಾರದು, ಪೆದ್ದನನ್ನು ತ್ಯಾಗಿ ಎಂದು ತೋರಿಸಿದರೆ ಅಳುವ ಜನ ಎಲ್ಲ ಕಡೆಯೂ ಇದ್ದಾರೆ. ಅವನಿಗೆ ನನ್ನ ಗುಟ್ಟು ಗೊತ್ತಿರಲಿಲ್ಲ. ಅವನು ಪೆದ್ದ ಎಂದಾಗಲೆಲ್ಲ ಆ ಮಾತು ನನಗೇ ಬಂದು ಬೀಳುತ್ತಿತ್ತು. ಆ ಸಿನಿಮಾ ಸಣ್ಣದಾದರೆ ನಾನು ಮಾಡಿದ್ದೂ ಸಣ್ಣದು. ಹಾಗಾಗಿ ನಾನು ಜೀವ ಬಿಟ್ಟು ವಾದಿಸುತ್ತಿದ್ದೆ. ಒಮ್ಮೆ ಇಸ್ತ್ರಿಪೆಟ್ಟಿಗೆ ಎತ್ತಿದ್ದೂ ಉಂಟು. ಬ್ಯಾಪ್ಟಿಸ್ಟ್ ನಡುವೆ ಬಂದು, "ಬಿಡಿ ಮಾರಾಯ್ರೇ, ಒಂದು ಪಿಕ್ಚರಿಗೆ ಹೊಡೆದಾಡ್ತೀರಾ?" ಎಂದು ನಮ್ಮನ್ನು ಬಿಡಿಸುತ್ತಿದ್ದ.

ಐವತ್ತೊಂಬತ್ತರಲ್ಲಿ ಆ ಚಿತ್ರ ಕಾರ್ಕಳದ ಟೆಂಟ್ ಟಾಕೀಸಿಗೆ ಬರುತ್ತದೆಂದು ಸುದ್ದಿಯಾಯಿತು. ನಾನೂ ವಿಠಲನೂ ಬಸ್ಸು ಹಿಡಿದು ಹೋದೆವು. ಬ್ಯಾಪ್ಟಿಸ್ಟ್ ಜ್ವರವೆಂದು ಬರಲಿಲ್ಲ. ಅಲ್ಲಿ ನೋಡಿದರೆ ರೀಲಿನ ಪೆಟ್ಟಿಗೆ ಬದಲಾಗಿ ಯಾವುದೋ ಪುರಾಣದ ಪಿಕ್ಚರು ಬಂದಿತ್ತು. ವಿಠಲ ಬಸ್ಸಿನಲ್ಲಿ ವಾಪಸು ಬರುವವರೆಗೂ ನನ್ನನ್ನು ತಮಾಷೆ ಮಾಡಿದ.

ಕಳೆದ ವರ್ಷ, ಅರವತ್ತೈದರ ನವೆಂಬರಿನಲ್ಲಿ, ಮಣಿಪಾಲದ ಕಾಲೇಜು ಹುಡುಗರು ಕೆಲವರು ಸೇರಿ ಒಂದು ಚಿತ್ರಸಂಘ ಕಟ್ಟಿದರು. ಹೆಸರಾದ ಹಳೆಯ ಚಿತ್ರಗಳನ್ನು ತರಿಸಿ ಉಡುಪಿಯ ಒಂದು ಟಾಕೀಸಿನಲ್ಲಿ ಭಾನುವಾರ ಮಧ್ಯಾಹ್ನ ತೋರಿಸುವುದೆಂದು ಗೊತ್ತುಮಾಡಿದರು. ಮೊದಲನೆಯದೇ 'ದೂಸ್ರಾ ಘಾಟ್'. ಪೋಸ್ಟಾಫೀಸಿಗೆ ಬಂದ ಕರಪತ್ರವನ್ನು ವಿಠಲ ಓಡಿಬಂದು ನನ್ನ ಮುಖಕ್ಕೆ ಹಿಡಿದ. "ಈಗ ಗೊತ್ತಾಗ್ತದೆ ಯಾರು ಸರಿ ಅಂತ," ಎಂದ.

ಬ್ಯಾಪ್ಟಿಸ್ಟ್ ಬರುವುದಿಲ್ಲ ಎಂದ. ಅಂಗಡಿ ಬಿಡಲಿಕ್ಕಾಗುವುದಿಲ್ಲವಂತೆ, ಭಾನುವಾರ! ಆದರೆ ಸೋಫಿಯಾ ಬಿಡಲಿಲ್ಲ. ಮದುವೆಯಾದ ಮೇಲೆ ತಾನು ಒಂದು ಪಿಕ್ಚರೂ ನೋಡಿಲ್ಲ, ಇದನ್ನಂತೂ ನೋಡಲೇಬೇಕು ಎಂದಳು. ಮಕ್ಕಳಿಬ್ಬರನ್ನು ಅಜ್ಜಿಯ ಹತ್ತಿರ ಬಿಟ್ಟು ನಾವು ನಾಲ್ವರೂ ಹೊರಟೆವು.

ಟಾಕೀಸಿನಲ್ಲಿ ನಾನು ಮುಂದಕ್ಕೆ ಬಾಗಿ ಕೂತೆ. ಇಂಟರ್ವಲ್‌ವರೆಗೆ ಎಲ್ಲವೂ ಬ್ಯಾಪ್ಟಿಸ್ಟ್ ಹೇಳಿದ ಹಾಗೆಯೇ. ಅದೇ ನದಿ, ಅದೇ ಕುಂಬಾರನ ಚಕ್ರ. ಮುಂದೆ ಏನು ಬರುತ್ತದೆಂದು ನಾನು ಪಕ್ಕದವರಿಗೆ ಹೇಳಬಲ್ಲವನಾಗಿದ್ದೆ. ಇಂಟರ್ವಲ್ ಆದ ಮೇಲೆ ದಾರಿ ತಪ್ಪಿತು. ತಮ್ಮ ತನ್ನ ಮನಸ್ಸಿನ ಮಾತು ಹೇಳಿದ. ಅಣ್ಣ ದೋಣಿಯೇರಿ ಹೊರಟ. ಅವನು ಒಬ್ಬನೇ ಆಚೆ ದಡಕ್ಕೆ ಹೋಗಿ, ಕುಂಬಾರನ ಅಂಗಳದಲ್ಲಿ ನಿಂತು, ಹುಡುಗಿಯನ್ನೇ ಕೇಳಿದ: ನಿನಗೆ ಯಾರು ಬೇಕು? ಅವಳು ಕೈಯಲ್ಲಿದ್ದ ಮಡಕೆಯನ್ನು ಕೆಳಗಿಟ್ಟು, ಇಷ್ಟು ಕೇಳಲು ಇಷ್ಟು ವರ್ಷ ಬೇಕಾಯಿತೇ ಎಂದಳು. ಮರುದಿನ ತಮ್ಮನೇ ಹುಟ್ಟು ಹಾಕಿ ಅವರಿಬ್ಬರನ್ನೂ ದಾಟಿಸಿದ. ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ಎದ್ದ ಮೇಲೂ ನಾನು ಖಾಲಿ ತೆರೆಯನ್ನೇ ನೋಡುತ್ತಿದ್ದೆ.

ಸೋಫಿಯಾ ಉಡುಪಿಯ ಇಗರ್ಜಿಯ ಹತ್ತಿರ ಇರುವ ಅಕ್ಕನನ್ನು ನೋಡಿಕೊಂಡು ಬಸ್‌ಸ್ಟ್ಯಾಂಡಿಗೆ ಬರುತ್ತೇನೆಂದು ಹೋದಳು. ನಾವು ಮೂವರು ಹೋಟೆಲಿನಲ್ಲಿ ಕೂತೆವು. ವಿಠಲನ ಮುಖ ಅರಳಿತ್ತು.

"ಹತ್ತು ವರ್ಷದಿಂದ ನಾನು ಎಂತ ಹೇಳ್ತಿದ್ದೆ? ಕೇಳಬೇಕು ಅಂತ. ಕೇಳಿದ! ಒಪ್ಪಿದೆ ಮಾರಾಯ, ದೊಡ್ಡ ಪಿಕ್ಚರ್. ಪ್ರಶಸ್ತಿ ಕೊಟ್ಟವರಿಗೆ ಬುದ್ಧಿ ಉಂಟು."

"ದೊಡ್ಡದಲ್ಲ," ಎಂದೆ ನಾನು. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಇದು ಎಲ್ಲ ಪಿಕ್ಚರಿನ ಹಾಗೇ ಮದುವೆಯಲ್ಲಿ ಮುಗಿಯಿತು. ಇದರಲ್ಲಿ ಎಂತ ಉಂಟು?"

"ನೀನೇ ಹೇಳ್ತಿದ್ದೆಯಲ್ಲ, ಶ್ರೇಷ್ಠ ಚಿತ್ರ, ಗೋಡೆಗೆ ಬೇರೆ ಅಂಟಿಸಿದ್ದೀ! ಈಗ ನೋಡಿದ ಮೇಲೆ ಉಲ್ಟಾ ಹೊಡೆಯುವುದಾ?"

ನಾನು ಬ್ಯಾಪ್ಟಿಸ್ಟನ ಕಡೆ ತಿರುಗಿ, "ನೀನು ಹೇಳಿದ್ದು ಎಲ್ಲಿತ್ತು?" ಎಂದು ಕೇಳಿದೆ.

ಬ್ಯಾಪ್ಟಿಸ್ಟ್ ಕಾಫಿಯನ್ನು ಪಕ್ಕಕ್ಕೆ ಸರಿಸಿದ. ಅವನ ಹಣೆಯಲ್ಲಿ ಬೆವರಿತ್ತು. "ತಪ್ಪಾಯಿತು ಸ್ತಾನಿ," ಎಂದ. "ನಾನು ಆ ಪಿಕ್ಚರ್ ನೋಡಿಯೇ ಇರಲಿಲ್ಲ. ಊರಿಗೆ ಬರುವ ವಾರ ಅದು ಬಿಡುಗಡೆ ಆದದ್ದು, ಟಿಕೇಟು ಸಿಗಲಿಲ್ಲ. ಹಾಡಿನ ಪುಸ್ತಕ ಮಾತ್ರ ಇತ್ತು. ಅದರಲ್ಲಿ ಅರ್ಧವೇ ಕಥೆ ಅಲ್ವಾ? ಉಳಿದದ್ದು ನಾನೇ ಕಟ್ಟಿದ್ದು. ನೋಡಿಲ್ಲ ಅಂತ ಹೇಳಲಿಕ್ಕೆ ನಾಚಿಕೆ ಆಯಿತು."

ವಿಠಲ ಮೇಜು ಕುಟ್ಟಿ ನಕ್ಕ. ಎಷ್ಟು ನಕ್ಕನೆಂದರೆ ಹೋಟೆಲಿನವರು ತಿರುಗಿ ನೋಡಿದರು.

ನನಗೆ ನಗು ಬರಲಿಲ್ಲ. ಆದರೆ ಆಶ್ಚರ್ಯವೆಂದರೆ, ಸಿಟ್ಟೂ ಬರಲಿಲ್ಲ. ಒಳಗೊಳಗೇ ಒಂದು ಸಮಾಧಾನವೇ ಆಯಿತು. ಇಲ್ಲದ ಸಿನಿಮಾ ಆದರೇನಾಯಿತು? ನನ್ನ ಗೆಳೆಯ ಕಟ್ಟಿದ ಕೊನೆ ಆ ಪ್ರಶಸ್ತಿಯವರ ಕೊನೆಗಿಂತ ಮೇಲಾಗಿತ್ತು. ನಾನು ಅದನ್ನೇ ವಾದಿಸಿದೆ. ಬ್ಯಾಪ್ಟಿಸ್ಟನ ಸಿನಿಮಾವೇ ಶ್ರೇಷ್ಠ, ಬೊಂಬಾಯಿಯವರು ಅದನ್ನು ಹಾಳುಮಾಡಿದ್ದಾರೆ ಎಂದೆ. ಬ್ಯಾಪ್ಟಿಸ್ಟ್ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಅವನನ್ನು ಪೂರ್ತಿ ಕ್ಷಮಿಸಿದೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ವಿಠಲ ಅತ್ತೆಯ ಮನೆಗೆಂದು ಹೆಬ್ರಿಯ ಬಸ್ಸು ಹತ್ತಿದ. ಬ್ಯಾಪ್ಟಿಸ್ಟ್ ತಾಯಿಯ ಮಾತ್ರೆ ತರಲು ಔಷಧದ ಅಂಗಡಿಗೆ ಹೋದ. ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಸೋಫಿಯಾ ಬಂದು ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಸಂಜೆಯ ಬಿಸಿಲು ಇನ್ನೂ ಇತ್ತು. ಅವಳು ಖುಷಿಯಲ್ಲಿದ್ದಳು.

"ಚಂದ ಉಂಟು ಅಲ್ವಾ ಪಿಕ್ಚರ್?" ಎಂದಳು. "ಅವಳು ಮಡಕೆ ಕೆಳಗಿಡುವುದು, ಆ ಮಾತು ಹೇಳುವುದು, ಎಲ್ಲ ಇವರು ಹೇಳಿದ ಹಾಗೇ. ಒಂದು ಅಕ್ಷರ ತಪ್ಪಿಲ್ಲ."

"ಯಾರು ಹೇಳಿದ ಹಾಗೆ?"

"ಇವರೇ. ಮದುವೆ ಆದ ವರ್ಷ ಹೇಳಿದ್ದರು. ಬೊಂಬಾಯಿಯಲ್ಲಿ ಮೂರು ಸಲ ನೋಡಿದ್ದಂತೆ. ಕೊನೆಗೆ ತಮ್ಮ ಹುಟ್ಟು ಹಾಕುವಾಗ ಮುಖ ತೋರಿಸುವುದಿಲ್ಲ, ಬೆನ್ನು ಮಾತ್ರ ತೋರಿಸುತ್ತಾರೆ, ಅದೇ ದೊಡ್ಡ ಕೆಲಸ ಅಂತ ಹೇಳ್ತಿದ್ದರು. ಇವತ್ತು ನೋಡಿದೆ, ಹೌದು, ಬೆನ್ನೇ." ಅವಳು ನನ್ನ ಕಡೆ ತಿರುಗಿದಳು. "ನಿಮಗೂ ಹೇಳಿರಬೇಕಲ್ಲ, ನಿಮ್ಮ ಅಂಗಡಿಯಲ್ಲೇ ಹೇಳ್ತಿದ್ದದ್ದು."

ಆಗ ಬಂತು ಸಿಟ್ಟು. ಬೆನ್ನು ಯಾವ ಹಾಡಿನ ಪುಸ್ತಕದಲ್ಲೂ ಅಚ್ಚಾಗಿರುವುದಿಲ್ಲ. ಅವನು ನೋಡಿದ್ದ. ಮೂರು ಸಲ ನೋಡಿದ್ದ. ಆ ಕುಂಬಾರನ ಹುಡುಗಿ ಕಾಯುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಐದು ಶನಿವಾರ ಕೂತು, ನನ್ನ ಅಳತೆ ತೆಗೆದು, ನನಗೆ ಸರಿಯಾಗುವ ಹಾಗೆ ಬೇರೆ ಸಿನಿಮಾ ಹೊಲಿದಿದ್ದ. ಇವತ್ತು ಸಿಕ್ಕಿಬಿದ್ದಾಗ ಮತ್ತೆ ಒಂದು ಕಥೆ ಹೇಳಿದ. ನಾನು ಅದಕ್ಕೂ ತಲೆದೂಗಿದೆ.

"ನಮಗೆ ಬೇರೆ ಹೇಳಿದ," ಎಂದೆ.

"ಬೇರೆ ಎಂತ?"

ಹೇಳಬಾರದಾಗಿತ್ತೋ ಏನೋ. ಅವಳಿಗೆ ಮನೆಯುಂಟು, ಮಕ್ಕಳಿದ್ದಾರೆ. ಆದರೆ ಹತ್ತು ವರ್ಷ ಬಾಯಿ ಮುಚ್ಚಿದ್ದವನಿಗೆ ಆ ದಿನ ಮುಚ್ಚಲಾಗಲಿಲ್ಲ. ಹೇಳಿದೆ. ಅಣ್ಣ ಕೇಳುವುದಿಲ್ಲ ಎಂದೆ. ತಮ್ಮನಿಗೂ ಮನಸ್ಸಿದೆಯೆಂದು ತಿಳಿದು ತಾನೇ ಹಿಂದೆ ಸರಿಯುತ್ತಾನೆ ಎಂದೆ. ಐವತ್ತೈದರ ತೆನೆಹಬ್ಬದ ಮೊದಲು ಹೇಳಿದ್ದು ಎಂದೆ. ಆ ಹಬ್ಬ ಕಳೆದ ಮೇಲೆ ನಿಮ್ಮ ಮನೆಗೆ ನನಗಾಗಿಯೇ ರೈಬಾರಿಯನ್ನು ಕಳಿಸಬೇಕೆಂದಿದ್ದೆ, ಅದು ಬ್ಯಾಪ್ಟಿಸ್ಟನಿಗೆ ಗೊತ್ತಿತ್ತು ಎಂದೂ ಹೇಳಿಬಿಟ್ಟೆ.

ಸೋಫಿಯಾ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಎರಡು ಬಸ್ಸು ಬಂದು ಹೋದವು.

"ಇಮ್ಯಾನುಯೆಲ್ ಬಂದ ದಿನ ನಾನು ಒಳಗಿದ್ದೆ," ಎಂದಳು ಕೊನೆಗೆ. "ಅವ್ವ ಒಳಗೆ ಬಂದು ಹೇಳಿದರು, ದರ್ಜಿ ಸ್ತಾನಿ ಕಳಿಸಿದ್ದಂತೆ, ಎಂತ ಹೇಳಲಿ ಅಂತ. ನಾನು ಹೂಂ ಅಂದೆ. ಅವ್ವ ಹೊರಗೆ ಹೋಗಿ ಒಪ್ಪಿಗೆ ಉಂಟು ಅಂದರು. ಆಮೇಲೆ ಅವನು ಗಂಡಿನ ಹೆಸರು ಹೇಳಿದ್ದು. ನಾನು ಬೇಡ ಅಂತ ಅತ್ತೆ. ಕೊಟ್ಟ ಮಾತು ತೆಗೆಯಲಿಕ್ಕೆ ಅಪ್ಪ ಬಿಡಲಿಲ್ಲ." ಸ್ವಲ್ಪ ತಡೆದು, "ನಿಮಗೆ ನಾನು ಬೇಡ ಅಂತಲೇ ತಿಳಿದುಕೊಂಡಿದ್ದೆ," ಎಂದಳು.

ದರ್ಜಿಯವರಿಗೆ ಮಾತೇ ಇಲ್ಲ ಎಂದು ಅವಳು ಅಂಗಡಿಯಲ್ಲಿ ಅಂದದ್ದು ನನಗೆ ನೆನಪಾಯಿತು.

ಬ್ಯಾಪ್ಟಿಸ್ಟ್ ಮಾತ್ರೆಯ ಪೊಟ್ಟಣ ಹಿಡಿದು ನಗುತ್ತಾ ಬಂದ. ಹೋಟೆಲಿನಲ್ಲಿ ಕ್ಷಮೆ ಸಿಕ್ಕಿ ಹಗುರವಾಗಿದ್ದ. "ಎಂತ ಇಬ್ಬರೂ ಸುಮ್ಮನೆ? ಇನ್ನೂ ಸಿನಿಮಾದ ಚರ್ಚೆಯಾ?" ಎಂದ. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಸೋಫಿಯಾ ಹೆಂಗಸರ ಸೀಟಿಗೆ ಹೋಗಲಿಲ್ಲ. ಹಿಂದಿನ ಉದ್ದ ಸೀಟಿನಲ್ಲಿ ಗಂಡನನ್ನು ಕಿಟಕಿಯ ಬದಿಗೆ ಕೂರಿಸಿ ತಾನು ಪಕ್ಕದಲ್ಲಿ ಕೂತಳು. ನನ್ನನ್ನೂ ಅಲ್ಲೇ ಕೂರಲು ಹೇಳಿದಳು.

ಬಸ್ಸು ಹೊರಟಿತು. ಅವಳು ಗಂಡನಿಗೆ ನಿಧಾನವಾಗಿ, ಮಕ್ಕಳಿಗೆ ಪಾಠ ಕೇಳುವ ಹಾಗೆ ಹೇಳಿದಳು:

"ಐವತ್ತೈದರಲ್ಲಿ ಸ್ತಾನಿಯವರಿಗೆ ಒಂದು ಸಿನಿಮಾ ಹೇಳಿದ್ದಿರಂತೆ. ಐದು ಶನಿವಾರ. ನನಗೆ ಅದನ್ನು ಹೇಳಿಲ್ಲ ನೀವು. ಈಗ ಹೇಳಿ. ಕಾಪುವಿಗೆ ಇನ್ನೂ ಹೊತ್ತುಂಟು."

ಬ್ಯಾಪ್ಟಿಸ್ಟ್ ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಅವನು ಬಾಯಿ ತೆರೆದ, ಗಂಟಲು ಸರಿಮಾಡಿಕೊಂಡ, ಕಿಟಕಿಯ ಹೊರಗೆ ನೋಡಿದ.

"ಹೇಳಿ," ಎಂದಳು ಸೋಫಿಯಾ.

ಕಟಪಾಡಿ ಬಂತು. ಜನ ಇಳಿದರು, ಹತ್ತಿದರು. ಪಾಂಗಾಳವೂ ಬಂತು. ಅವಳು ತವರಿನ ಕಡೆಗೆ ತಲೆಯನ್ನೂ ತಿರುಗಿಸಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ, ಅವನು ಹೇಳುವುದನ್ನು ಕಾಯುತ್ತಾ ಕೂತಿದ್ದಳು.